ನೀಲಿ ಜಾಗದ ಉಂಗುರ

"ಗುರುಗಳೇ, ಒಂದು ವಸ್ತುವಿನಲ್ಲಿ ಬೇಡವಾದದ್ದು ಯಾವುದೆಂದು ತಿಳಿಯುವುದು ಹೇಗೆ?"

ಕೇಳಿದವನು ಯಂತ್ರಭಾಗಗಳ ವಿನ್ಯಾಸ ಕಲಿಯುತ್ತಿದ್ದ ಶಿಷ್ಯ. ಗುರು ಅದೇ ವಿದ್ಯೆಯನ್ನು ಮೂವತ್ತು ವರ್ಷ ಕಲಿಸಿದವರು. ಶಿಷ್ಯನ ಕೈಯಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ಬಸ್ಸಿನ ಹಿಂಬದಿಯ ಏಣಿಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ತುಂಡಿನ ಚಿತ್ರವಿತ್ತು. ಇನ್ನೊಂದರಲ್ಲಿ ಆ ತುಂಡಿನ ಮೇಲೆ ಬೀಳುವ ಭಾರಗಳ ಪಟ್ಟಿಯಿತ್ತು. ಕಂಪ್ಯೂಟರ್ ಆ ಪಟ್ಟಿಯನ್ನು ತೆಗೆದುಕೊಂಡು ತುಂಡಿನ ತೂಕವನ್ನು ಅರ್ಧಕ್ಕೆ ಇಳಿಸಿತ್ತು. ಮರುದಿನ ಅವನು ಎರಡೂ ಹಾಳೆಗಳನ್ನು ಕಾರ್ಖಾನೆಗೆ ಒಪ್ಪಿಸಬೇಕಿತ್ತು.

"ನಿನಗೆ ಏನನ್ನಿಸುತ್ತದೆ?" ಎಂದರು ಗುರು.

"ಭಾರ ಹೊರದ ಜಾಗ ಬೇಡವಾದ ಜಾಗ. ಅದನ್ನು ತೆಗೆದುಹಾಕಬಹುದು."

"ಒಂದು ಕತೆ ಹೇಳುತ್ತೇನೆ. ನಿನ್ನ ಉತ್ತರ ಅದಕ್ಕೆ ಹೊಂದುತ್ತದೆಯೇ ನೋಡು" ಎಂದು ಗುರು ಹೇಳತೊಡಗಿದರು.

ಒಂದು ಕಾರ್ಖಾನೆಯಲ್ಲಿ ಒಬ್ಬ ವಿನ್ಯಾಸಕಿ ಇದ್ದಳು. ಸಣ್ಣ ಸರಕುಗಾಡಿಗಳ ಮುಂದಿನ ಚಕ್ರಕ್ಕೆ ತೋಳು ಮಾಡಿಕೊಡುವುದು ಆ ಕಾರ್ಖಾನೆಯ ಕೆಲಸ. ತೋಳೆಂದರೆ ಗಾಡಿಯ ಚಾಸಿಯಿಂದ, ಅಂದರೆ ಅಡಿಯ ಚೌಕಟ್ಟಿನಿಂದ, ಹೊರಟು ಚಕ್ರವನ್ನು ಹಿಡಿದುಕೊಳ್ಳುವ ಎರಕದ ತುಂಡು. ಚಕ್ರ ಗುಂಡಿಗೆ ಇಳಿದರೆ ತೋಳೂ ಇಳಿಯುತ್ತದೆ. ಚಕ್ರ ಉಬ್ಬನ್ನು ಏರಿದರೆ ತೋಳೂ ಏರುತ್ತದೆ.

ಹಳೆಯ ತೋಳಿನ ತೂಕ ಮೂರು ಕಿಲೋ ಎಂಟುನೂರು ಗ್ರಾಂ. ಅದನ್ನು ಮೂರು ಕಿಲೋದ ಒಳಗೆ ತರಬೇಕೆಂದು ಮುಖ್ಯಸ್ಥ ಹೇಳಿದ. ಗಾಡಿ ತಯಾರಿಸುವವರಿಗೆ ಅವನು ಆ ಮಾತು ಕೊಟ್ಟಾಗಿತ್ತು.

ವಿನ್ಯಾಸಕಿ ಮೊದಲು ಭಾರಗಳ ಪಟ್ಟಿ ಮಾಡಿದಳು. ಬ್ರೇಕ್ ಒತ್ತಿದಾಗ ಬೀಳುವ ಭಾರ, ತಿರುವಿನಲ್ಲಿ ಬೀಳುವ ಭಾರ, ಗುಂಡಿಯಲ್ಲಿ, ಅಂಚುಗಲ್ಲಿಗೆ ಚಕ್ರ ಬಡಿದಾಗ, ಸರಕು ತುಂಬಿ ಇಳಿಜಾರಿನಲ್ಲಿ ಬರುವಾಗ. ಹೀಗೆ ಐದು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ 'ಮೂಲ' ಎಂಬ ಒಂದು ಖಾನೆ. ಆ ಭಾರ ಎಲ್ಲಿಂದ ತಿಳಿಯಿತು ಎಂದು ಅಲ್ಲಿ ಬರೆಯಬೇಕು. ಅವಳು ಎರಡು ಕಡೆ 'ನಿಯಮಾವಳಿ' ಎಂದೂ ಮೂರು ಕಡೆ 'ಪರೀಕ್ಷಾ ರಸ್ತೆ' ಎಂದೂ ಬರೆದಳು. ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟಳು.

ಕಂಪ್ಯೂಟರ್ ಹಳೆಯ ತೋಳಿಗೆ ಬಣ್ಣ ಹಚ್ಚಿ ತೋರಿಸಿತು. ಹೆಚ್ಚು ಒತ್ತಡ ತಿನ್ನುವ ಜಾಗ ಕೆಂಪು. ಏನೂ ತಿನ್ನದ ಜಾಗ ನೀಲಿ. ಆಮೇಲೆ ಅದು ನೀಲಿಯನ್ನು ಒಂದಿಷ್ಟು ಕೆರೆಯಿತು. ಮತ್ತೆ ಲೆಕ್ಕ ಹಾಕಿತು. ಕೆಂಪು ಹೆಚ್ಚಾದ ಕಡೆ ಒಂದಿಷ್ಟು ತುಂಬಿತು. ಮತ್ತೆ ಕೆರೆಯಿತು. ಹೀಗೆ ಇನ್ನೂರ ಹನ್ನೆರಡು ಸಲ. ಕೊನೆಗೆ ಉಳಿದದ್ದು ದೊಡ್ಡ ಹಕ್ಕಿಯ ಎಲುಬಿನ ಹಾಗೆ ಕಾಣುವ ಒಂದು ರೂಪ. ಮಧ್ಯೆ ಒಂದು ಕಿಂಡಿ, ಅದರ ಕೆಳಗೆ ದುಂಡನೆಯ ಕಿರಿದಾದ ಅಂಚು. ತೂಕ ಎರಡು ಕಿಲೋ ಒಂಬೈನೂರ ಹತ್ತು ಗ್ರಾಂ. ಎಲ್ಲಿಯೂ ನೀಲಿ ಇರಲಿಲ್ಲ.

ಆ ರೂಪದ ಎರಡು ತೋಳುಗಳನ್ನು ಎರಕ ಹೊಯ್ಯಿಸಿದರು. ಯಂತ್ರಕ್ಕೆ ಕಟ್ಟಿ ಹತ್ತು ಲಕ್ಷ ಸಲ ಎಳೆದರು, ಒತ್ತಿದರು. ಒಂದು ಬಿರುಕೂ ಬರಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ವಿನ್ಯಾಸಕಿ ಸೋಮವಾರ ಸಹಿ ಹಾಕಿದರೆ ಸಾವಿರಾರು ತೋಳುಗಳು ಎರಕದ ಮನೆಯಿಂದ ಹೊರಡುವುದಿತ್ತು.

ಅವಳಿಗೆ ಒಂದು ಅಭ್ಯಾಸವಿತ್ತು. ಹೊಸ ತುಂಡಿಗೆ ಸಹಿ ಹಾಕುವ ಮೊದಲು ಅದೇ ಕೆಲಸ ಮಾಡಿ ಮುಗಿಸಿದ ಹಳೆಯ ತುಂಡುಗಳನ್ನು ಗುಜರಿಯಿಂದ ತರಿಸಿ ನೋಡುತ್ತಿದ್ದಳು. ಈ ಸಲವೂ ನಲವತ್ತು ಹಳೆಯ ತೋಳುಗಳನ್ನು ತರಿಸಿದಳು. ಸೀಮೆಎಣ್ಣೆಯಲ್ಲಿ ತೊಳೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪಕ್ಕದಲ್ಲಿ ಕಂಪ್ಯೂಟರಿನ ಬಣ್ಣದ ಚಿತ್ರವನ್ನು ಇಟ್ಟಳು. ಕೆಂಪು ಇದ್ದ ಕಡೆ ತೋಳುಗಳು ಸವೆದಿದ್ದವು. ನೀಲಿ ಇದ್ದ ಕಡೆ ಹೊಸದರ ಹಾಗೆ ಇದ್ದವು. ಒಂದು ಜಾಗ ಮಾತ್ರ ಹೊಂದಲಿಲ್ಲ.

ತೋಳಿನ ಹೊಟ್ಟೆಯ ಕಡೆ, ಅಂದರೆ ಅಡಿಯಲ್ಲಿ, ಚಕ್ರದ ಹತ್ತಿರ, ಅಂಗೈಯಗಲದ ಒಂದು ಸಪಾಟು ಜಾಗವಿತ್ತು. ಚಿತ್ರದಲ್ಲಿ ಅದು ಅಚ್ಚ ನೀಲಿ. ಕಂಪ್ಯೂಟರ್ ಮೊದಲು ಕೆರೆದದ್ದೇ ಅದನ್ನು. ಗುಜರಿಯ ತೋಳುಗಳಲ್ಲಿ ಅಲ್ಲಿ ಒಂದು ಗುರುತಿತ್ತು. ಉಂಗುರದಂಥ ತಗ್ಗು. ಉಂಗುರದೊಳಗೆ ಅಡ್ಡ ಒಂದು, ಉದ್ದ ಒಂದು ಗೀರು.

ಜೊತೆಯವನೊಬ್ಬ ನೋಡಿ, "ಕಲ್ಲು ಬಡಿದಿರುತ್ತೆ ಬಿಡಿ ಮೇಡಂ" ಎಂದ.

"ಮೂವತ್ತೊಂದು ತೋಳಿಗೆ ಒಂದೇ ಅಳತೆಯ ಕಲ್ಲು ಬಡಿಯಿತೇ?"

"ಹಾಗಾದರೆ ನೀವು ಪೊಲೀಸರ ಬೆರಳಚ್ಚು ವಿಭಾಗಕ್ಕೆ ಅರ್ಜಿ ಹಾಕಿ. ಅಲ್ಲಿ ಒಳ್ಳೆಯ ಭವಿಷ್ಯವಿದೆ."

ಅವಳು ಅಳೆದಳು. ಉಂಗುರದ ಅಗಲ ಮೂವತ್ತೆರಡು ಮಿಲಿಮೀಟರ್. ನಲವತ್ತರಲ್ಲಿ ಮೂವತ್ತೊಂದಕ್ಕೆ ಗುರುತಿತ್ತು. ಅವುಗಳಲ್ಲಿ ಇಪ್ಪತ್ತೆರಡು ಎಡಚಕ್ರದ ತೋಳುಗಳು, ಒಂಬತ್ತು ಬಲಚಕ್ರದವು. ಕೆಲವಕ್ಕೆ ಒಂದರ ಮೇಲೊಂದು ನಾಲ್ಕೈದು ಉಂಗುರಗಳು. ಇಷ್ಟು ಆಳದ ತಗ್ಗು ಬೀಳಲು ಎಷ್ಟು ಒತ್ತಬೇಕು ಎಂದು ಲೆಕ್ಕ ಹಾಕಿದಳು. ಕೆಳಗಿನಿಂದ ಮೇಲಕ್ಕೆ, ಸುಮಾರು ಏಳುನೂರು ಕಿಲೋ.

ಏಳುನೂರು ಕಿಲೋ ಸಣ್ಣ ಭಾರವಲ್ಲ. ಅದು ಪಟ್ಟಿಯಲ್ಲಿರಲಿಲ್ಲ. ರಸ್ತೆ ಅಲ್ಲಿಗೆ ಎದ್ದು ಬಂದು ಒತ್ತುವುದಿಲ್ಲ. ಅವಳು ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ಬರೆದುಕೊಂಡಳು. ಒತ್ತುವವರು ಯಾರು? ಎಡಕ್ಕೆ ಯಾಕೆ ಹೆಚ್ಚು?

ಪರೀಕ್ಷಾ ರಸ್ತೆಯಲ್ಲಿ ಗಾಡಿ ಓಡಿಸುವ ಚಾಲಕನನ್ನು ಕೇಳಿದಳು. ಹನ್ನೊಂದು ವರ್ಷ ಅಲ್ಲಿ ಓಡಿಸಿದ್ದರೂ ಅಂಥ ಗುರುತನ್ನು ತಾನು ನೋಡಿಲ್ಲವೆಂದು ಅವನು ಹೇಳಿದ. ಪರೀಕ್ಷಾ ರಸ್ತೆಯನ್ನು ದಿನಾ ಬೆಳಿಗ್ಗೆ ಗುಡಿಸುತ್ತಾರೆ ಎಂಬುದು ಅವಳಿಗೆ ಆಗ ನೆನಪಾಗಲಿಲ್ಲ.

ಗುಜರಿಯವನನ್ನು ಕೇಳಿದಳು. ತೋಳುಗಳು ಬೈಪಾಸಿನ ಗ್ಯಾರೇಜುಗಳಿಂದ ಬಂದವೆಂದು ಅವನು ಹೇಳಿದ. ಅವಳು ಒಂದು ಹಳೆಯ ತೋಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಶನಿವಾರ ಬೈಪಾಸಿಗೆ ಹೋದಳು. ಮೊದಲನೆಯ ಗ್ಯಾರೇಜಿನವನು ತಾನು ತೋಳು ಬಿಚ್ಚುವವನು, ಅದರ ಹೊಟ್ಟೆ ನೋಡುವವನಲ್ಲ ಎಂದ. ಎರಡನೆಯವನು ಎರಕದ ದೋಷವೆಂದ. ವೆಲ್ಡಿಂಗ್ ಅಂಗಡಿಯವನು, ಬೇಕಿದ್ದರೆ ತಗ್ಗನ್ನು ತುಂಬಿಕೊಡುತ್ತೇನೆ ಎಂದ. ಕೊನೆಗೆ ಸಿಕ್ಕಿದ್ದು ಒಂದು ಪಂಚರ್ ಅಂಗಡಿ.

ಅಂಗಡಿಯವನು ತೋಳನ್ನು ತಿರುಗಿಸಿ ನೋಡಿದ. ಮೂಲೆಯಿಂದ ಗಾಡಿ ಎತ್ತುವ ಒಂದು ಜಾಕ್ ತಂದ. ತೋಳನ್ನು ಬೋರಲು ಹಾಕಿ, ಜಾಕಿನ ತಲೆಯನ್ನು ಉಂಗುರದ ಮೇಲೆ ಇಟ್ಟ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

"ಇದು ನಮ್ಮ ಮುದ್ರಿರೀ ಅಕ್ಕಾರ" ಎಂದು ನಕ್ಕ. "ಪೋಸ್ಟಿನ್ಯಾಗ ಹೊಡಿತಾರಲ್ರೀ, ಹಂಗ."

"ಜಾಕ್ ಇಡಬೇಕಾದ್ದು ಚಾಸಿಯ ಕೆಳಗೆ. ಅಲ್ಲಿ ಬಾಣದ ಗುರುತಿದೆ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲೂ ಬರೆದಿದೆ."

"ಪುಸ್ತಕ ಓದಿದವ್ರು ಯಾರೂ ಈ ಕಡೆ ಬಂದಿಲ್ರೀ. ಬರೋದು ಬರೇ ಪಂಚರ್ ಆದ ಗಾಡಿ."

"ಆದರೆ ಚಾಸಿಗೆ ಇಟ್ಟರೆ ಏನಾಗುತ್ತದೆ?"

"ಚಾಸಿಗೆ ಇಟ್ರ ಗಾಡಿ ಏಳತೈತ್ರೀ, ಗಾಲಿ ಏಳಂಗಿಲ್ಲ. ಅದು ಕೆಳಗ ಜೋತು ಬೀಳತೈತಿ. ನಲವತ್ತು ಸುತ್ತು ತಿರುವಬೇಕು. ಅಷ್ಟೊತ್ತಿಗೆ ಜಾಕ್ ಮೊಳದುದ್ದ ಬೆಳೆದು ಕುಡಕನಂಗ ತೂಗ್ಯಾಡತೈತಿ. ಇಲ್ಲಿಟ್ರ ಹನ್ನೆರಡು ಸುತ್ತು. ಗಾಲಿ ಮ್ಯಾಲ."

ಅವಳು ಎಣಿಸಿ ನೋಡಬೇಕೆಂದಳು. ಆ ಹೊತ್ತಿಗೆ ಈರುಳ್ಳಿ ತುಂಬಿದ ಒಂದು ಗಾಡಿ ಎಡಚಕ್ರ ಕುಸಿದು ಬಂದು ನಿಂತಿತು. ಅಂಗಡಿಯವನು ಮೊದಲು ಚಾಸಿಗೆ ಜಾಕ್ ಕೊಟ್ಟು ತೋರಿಸಿದ. ನಲವತ್ತಲ್ಲ, ನಲವತ್ಮೂರು ಸುತ್ತು. ಆಮೇಲೆ ತೋಳಿಗೆ ಕೊಟ್ಟ. ಹನ್ನೆರಡು ಸುತ್ತಿಗೆ ಚಕ್ರ ನೆಲ ಬಿಟ್ಟಿತು.

"ಎಡಗಡೆಯ ಚಕ್ರಗಳೇ ಯಾಕೆ ಹೆಚ್ಚು?"

"ಮೊಳಿ, ಗಾಜು ಎಲ್ಲಾ ರಸ್ತಿ ಅಂಚಿಗೇ ಇರ್ತಾವ್ರೀ. ಎಡಗಾಲಿ ಅಲ್ಲೇ ಓಡತೈತಿ. ಇದಕ್ಕ ಇಂಜಿನಿಯರ್ ಬೇಕೇನ್ರೀ?"

ಚೀಟಿಯ ಎರಡು ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಅವಳು ಹೊರಡಬಹುದಿತ್ತು. ಹೊರಡಲಿಲ್ಲ. ಜಾಕ್ ತಿರುವುವಾಗ ಕೈಗಳು ಎಲ್ಲಿರುತ್ತವೆ ಎಂದು ಕೇಳಿದಳು. ಅವನು ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿ ತೋರಿಸಿದ. ಬಲಗೈ ಜಾಕಿನ ಸರಳನ್ನು ತಿರುವುತ್ತಿತ್ತು. ಎಡಗೈ ತೋಳಿನ ಕೆಳಗೆ ಹೋಗಿ ಜಾಕಿನ ಕುತ್ತಿಗೆಯನ್ನು ಹಿಡಿದಿತ್ತು. ಆ ಕೈಯ ಕಿರುಬೆರಳು ಅರ್ಧವೇ ಇತ್ತು.

ಅವಳು ಕೇಳಲಿಲ್ಲ. ಅವನೇ ಹೇಳಿದ.

"ಅದು ಬ್ಯಾರೆ ಗಾಡೀದ್ರೀ. ಅದರ ತೋಳಿನ ಹೊಟ್ಟಿ ಗುಂಡಗಿತ್ತು."

ಅವಳು ಚೀಲದಿಂದ ಹೊಸ ತೋಳಿನ ಚಿತ್ರ ತೆಗೆದು ಅವನ ಮುಂದೆ ಹಿಡಿದಳು. ಅವನು ಹೆಬ್ಬೆರಳಿನಿಂದ ಚಿತ್ರದ ಕೆಳಗೆರೆಯನ್ನು ಸವರುತ್ತಾ ಹೋದ. ದುಂಡನೆಯ ಅಂಚಿನ ಹತ್ತಿರ ಬೆರಳು ನಿಂತಿತು.

"ಇದರ ಹೊಟ್ಟಿ ಎಲ್ಲೈತ್ರೀ?"

"ತೆಗೆದಿದ್ದೇವೆ. ಅಲ್ಲಿ ಭಾರ ಬೀಳುವುದಿಲ್ಲ ಎಂದು..."

ಅವನು ಚಿತ್ರವನ್ನು ಮರಳಿ ಕೊಟ್ಟ.

"ಹಂಗಾರ ನಾ ಎಲ್ಲಿಡ್ಲಿ?"

ಭಾನುವಾರ ಅವಳು ಕಾರ್ಖಾನೆಗೆ ಹೋಗಿ ಪಟ್ಟಿಗೆ ಆರನೆಯ ಸಾಲು ಸೇರಿಸಿದಳು. ಕೆಳಗಿನಿಂದ ಏಳುನೂರು ಕಿಲೋ. ಅಂಗೈಯಗಲದ ಸಪಾಟು ಜಾಗವನ್ನು ಮುಟ್ಟಬಾರದು ಎಂದು ಕಂಪ್ಯೂಟರಿಗೆ ತಿಳಿಸಿದಳು. ಅದು ಬೇಸರವಿಲ್ಲದೆ ಮೊದಲಿನಿಂದ ಕೆರೆಯಿತು. ಈ ಸಲ ಬಂದದ್ದು ಬೇರೆಯೇ ರೂಪ. ಕಿಂಡಿ ಪಕ್ಕಕ್ಕೆ ಸರಿದಿತ್ತು. ಹೊಟ್ಟೆಯ ಸಪಾಟು ಜಾಗವನ್ನು ಎರಡು ಪಕ್ಕೆಲುಬುಗಳು ಹಿಡಿದಿದ್ದವು. ತೂಕ ಮೂರು ಕಿಲೋ ಅರವತ್ತು ಗ್ರಾಂ.

ಕೊಟ್ಟ ಮಾತಿಗಿಂತ ಅರವತ್ತು ಗ್ರಾಂ ಹೆಚ್ಚು. ಅವಳು ಬೇರೆ ರೂಪದಿಂದ ಶುರುಮಾಡಿ ನೋಡಿದಳು. ಮೂರು ಕಿಲೋ ಅರವತ್ತೆರಡು. ಇನ್ನೊಂದರಿಂದ ಶುರುಮಾಡಿದಳು. ಮತ್ತೆ ಅರವತ್ತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಅವಳ ಮುಂದೆ ಈಗ ಎರಡು ರೂಪಗಳಿದ್ದವು. ಒಂದು ಕೊಟ್ಟ ಮಾತಿನೊಳಗೆ ಇತ್ತು. ಇನ್ನೊಂದು ಇರಲಿಲ್ಲ.

ಸೋಮವಾರ ಮುಖ್ಯಸ್ಥ ಬಂದ. ಪಟ್ಟಿಯನ್ನು ಓದಿದ. ಅವನು ಕೆಟ್ಟವನಲ್ಲ. ಪ್ರತಿ ಸಾಲನ್ನೂ ಓದುವವನು. ಆರನೆಯ ಸಾಲಿನ ಕೊನೆಯ ಖಾನೆಯಲ್ಲಿ ಅವನ ಬೆರಳು ನಿಂತಿತು. ಅಲ್ಲಿ 'ಫಕ್ಕೀರಪ್ಪ, ಪಂಚರ್ ಅಂಗಡಿ, ಬೈಪಾಸ್' ಎಂದಿತ್ತು.

"ಏನಮ್ಮ ಇದು? ಯಾವ ನಿಯಮ?"

"ನಿಯಮವಲ್ಲ ಸರ್. ಮನುಷ್ಯ."

ಅವಳು ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ತೋಳಿಗೆ ಜಾಕ್ ಕೊಡುವುದು ತಪ್ಪು ಬಳಕೆ. ಪುಸ್ತಕದಲ್ಲಿ ನಾವು ಸರಿಯಾದ ಜಾಗ ತೋರಿಸಿದ್ದೇವೆ. ತಪ್ಪು ಮಾಡುವವರ ಭಾರವನ್ನೆಲ್ಲ ನಾವು ಹೊತ್ತರೆ ತೋಳು ಹತ್ತು ಕಿಲೋ ಆಗುತ್ತದೆ. ಮೊದಲಿನ ರೂಪಕ್ಕೇ ಸಹಿ ಹಾಕು" ಎಂದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು.

ಅಂಗಳದಲ್ಲಿ ಪರೀಕ್ಷೆಯ ಗಾಡಿ ನಿಂತಿತ್ತು. ಅದಕ್ಕೆ ಮೊದಲಿನ ರೂಪದಲ್ಲಿ ಎರಕ ಹೊಯ್ಯಿಸಿದ್ದ ಎರಡು ತೋಳುಗಳನ್ನು ಜೋಡಿಸಿದ್ದರು. ಮರಳಿನ ಚೀಲಗಳನ್ನು ಹೇರಿದ್ದರು. ಎಡಚಕ್ರದ ಗಾಳಿ ತೆಗೆದಿದ್ದರು. ಚಾಸಿಯ ಕೆಳಗೆ, ನಾಲ್ಕು ಬೆರಳು ಬಿಟ್ಟು, ಒಂದು ಮರದ ದಿಮ್ಮಿ ಇಟ್ಟಿದ್ದರು. ಗಾಡಿ ಬಿದ್ದರೆ ದಿಮ್ಮಿಯ ಮೇಲೆ ಬೀಳಲಿ ಎಂದು.

ಅವಳು ತೋಳಿನ ದುಂಡನೆಯ ಅಂಚಿಗೆ ಜಾಕ್ ಕೊಟ್ಟು, ಉದ್ದನೆಯ ಸರಳಿನಿಂದ ದೂರ ನಿಂತು ತಿರುವಿದಳು. ಒಂದು, ಎರಡು, ಮೂರು. ಚಕ್ರ ಹಗುರಾಯಿತು. ಒಂಬತ್ತನೆಯ ಸುತ್ತಿಗೆ ಜಾಕಿನ ತಲೆ ಅಂಚಿನಿಂದ ಜಾರಿತು. ಗಾಡಿ ದಿಮ್ಮಿಯ ಮೇಲೆ ಕೂತಿತು. ತೋಳಿಗೆ ಏನೂ ಆಗಲಿಲ್ಲ. ಒಂದು ಗೀರು ಕೂಡ ಬೀಳಲಿಲ್ಲ.

"ನೋಡು, ತೋಳು ಗಟ್ಟಿಯಾಗಿದೆ" ಎಂದ ಮುಖ್ಯಸ್ಥ.

"ಹೌದು ಸರ್."

ಅವಳು ಜಾಕನ್ನು ಮತ್ತೆ ಅದೇ ಅಂಚಿಗೆ ಕೊಟ್ಟಳು. ಮತ್ತೆ ತಿರುವಿದಳು. ಏಳನೆಯ ಸುತ್ತಿಗೆ ನಿಲ್ಲಿಸಿದಳು. ಜಾಕಿನ ಕುತ್ತಿಗೆಯನ್ನು ತೋರಿಸಿದಳು.

"ಇಲ್ಲಿ ಕೈ ಇಡಿ, ಸರ್. ಪುಸ್ತಕದ ಪ್ರಕಾರ ಇಲ್ಲಿ ಯಾರ ಕೈಯೂ ಇರುವುದಿಲ್ಲ."

ಮುಖ್ಯಸ್ಥ ಜಾಕನ್ನು ನೋಡಿದ. ತನ್ನ ಎಡಗೈಯನ್ನು ನೋಡಿಕೊಂಡ. ಆ ಕೈ ನಿಧಾನವಾಗಿ ಪ್ಯಾಂಟಿನ ಜೇಬಿಗೆ ಹೋಯಿತು.

ಆಮೇಲೆ ಅವನು ಬಲಗೈಯಿಂದ ಫೋನ್ ತೆಗೆದು ಗಾಡಿ ತಯಾರಿಸುವವರಿಗೆ ಮಾತಾಡಿದ. ತೋಳು ಮೂರು ಕಿಲೋ ಅರವತ್ತು ಗ್ರಾಂ ಆಗುತ್ತದೆ, ಮಾತು ಉಳಿಸಿಕೊಳ್ಳಲು ಆಗಲಿಲ್ಲ ಎಂದ. ಅವರು ಕಾರಣ ಕೇಳಿದರು. ಅವನು ಪಟ್ಟಿಯ ಆರನೆಯ ಸಾಲನ್ನು ಕೊನೆಯ ಖಾನೆಯವರೆಗೆ ಓದಿ ಹೇಳಿದ. ಆ ಕಡೆಯಿಂದ ಒಂದು ಪ್ರಶ್ನೆ ಬಂತು.

"ನಮ್ಮ ಗಾಡಿಯ ಬೇರೆ ಭಾಗಗಳ ಬಗ್ಗೆ ಅವನನ್ನು ಕೇಳಿದಿರಾ?"

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ಕಂಪ್ಯೂಟರ್ ತಪ್ಪು ಮಾಡಿತೇ ಗುರುಗಳೇ?" ಎಂದ ಶಿಷ್ಯ.

"ಇಲ್ಲ. ಅದಕ್ಕೆ ಪಟ್ಟಿಯ ಐವರ ಪರಿಚಯ ಮಾಡಿಕೊಟ್ಟರು. ಐವರಿಗೂ ಅದು ಚೆನ್ನಾಗಿ ಬಡಿಸಿತು. ಆರನೆಯವನು ಬಾಗಿಲ ಹೊರಗಿದ್ದ. ಬಾಗಿಲು ತೆರೆಯುವುದು ಅದರ ಕೆಲಸವಲ್ಲ."

ಶಿಷ್ಯ ತನ್ನ ಎರಡನೆಯ ಹಾಳೆಯನ್ನು ಬಿಡಿಸಿದ. ಹನ್ನೆರಡು ಸಾಲುಗಳ ಮೇಲೆ ಬೆರಳಾಡಿಸಿದ. ಬಸ್ಸಿನ ಕಂಪನ, ಬ್ರೇಕ್, ಗಾಳಿ, ಉಬ್ಬು, ತಗ್ಗು. ಕೊನೆಯ ಸಾಲಿಗೆ ಬಂದಾಗ ಅವನ ಮುಖ ಅರಳಿತು.

"ನಾನು ಮರೆತಿಲ್ಲ ಗುರುಗಳೇ. ಬಸ್ಸಿನ ಏಣಿಯನ್ನು ಮನುಷ್ಯರು ಹತ್ತುತ್ತಾರೆ ಎಂಬುದು ನನಗೆ ಗೊತ್ತು. ಇಲ್ಲಿ ನೋಡಿ, ಹನ್ನೆರಡನೆಯ ಸಾಲು. 'ಏಣಿ ಹತ್ತುವ ಒಬ್ಬ ಮನುಷ್ಯ, ಎಪ್ಪತ್ತೈದು ಕಿಲೋ.' ಮೂಲ, ನಿಯಮಾವಳಿ."

ಗುರು ಹಾಳೆಯನ್ನು ಕೈಗೆ ತೆಗೆದುಕೊಂಡರು. ಹನ್ನೆರಡನೆಯ ಸಾಲನ್ನು ಎರಡು ಸಲ ಓದಿದರು. ಹಾಳೆಯನ್ನು ಶಿಷ್ಯನಿಗೆ ಮರಳಿ ಕೊಟ್ಟು ಕೇಳಿದರು:

"ಆ ಎಪ್ಪತ್ತೈದು ಕಿಲೋದವನ ಹೆಸರೇನು?"